ಸಾಸ್ವಡದ ಮೂರು ದಿನದ ಕನ್ನಡ ಧ್ಯಾನಕೂಟ: ಹೋಗಿ ಬಂದವಳ ಮಾತು

ಈಸ್ಟರ್‌ಗೆ ಮುಂಚಿನ ಉಪವಾಸದ ಲೆಂಟ್ ದಿನಗಳಲ್ಲಿ ಪುಣೆಯ ಕನ್ನಡ ಕ್ರೈಸ್ತ ಸಭೆಯವರು ಸಾಸ್ವಡದ ಹತ್ತಿರ ಇಟ್ಟುಕೊಂಡಿದ್ದ ಧ್ಯಾನಕೂಟಕ್ಕೆ ಹೋಗಿದ್ದೆ. ಮೂರು ದಿನ, ತಲೆಗೆ 1,500 ರೂಪಾಯಿ, ಊಟ ವಸತಿ ಎಲ್ಲಾ ಸೇರಿ. ವಿಷಯ ಒಂದೇ, ದೇವರ ದೀರ್ಘಶಾಂತಿ, ಅಂದರೆ ಬೇಗ ಕೋಪಿಸಿಕೊಳ್ಳದೆ ತಾಳಿಕೊಳ್ಳುವ ಗುಣ. ಹೇಗಿತ್ತು, ಮುಂದಿನ ಸಲ ನಾವೂ ಹೋಗಬಹುದಾ ಅಂತ ಪಿಂಪ್ರಿ ಕಡೆಯ ತುಂಬಾ ಜನ ಕೇಳಿದರು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಕೊರತೆಗಳನ್ನು ಹೇಳಿಬಿಡುತ್ತೇನೆ. ಮೊದಲ ದಿನ ಬೆಳಿಗ್ಗೆ ಬಿಸಿನೀರು ಬರಲಿಲ್ಲ, ವಯಸ್ಸಾದವರಿಗೆ ಕಷ್ಟವಾಯಿತು. ಎರಡನೇ ದಿನ ಒಂದರ ಹಿಂದೆ ಒಂದು ಸಂದೇಶ, ಅಂದರೆ ಪ್ರವಚನ, ರಾತ್ರಿ ಒಂಬತ್ತರವರೆಗೂ. ಕೇಳಿದ್ದನ್ನು ಮನಸ್ಸಿಗೆ ಇಳಿಸಿಕೊಳ್ಳೋಕೆ ಸುಮ್ನೆ ಕೂರುವ ಹೊತ್ತು ಬೇಕು ಅಲ್ವಾ, ಅದು ಆ ದಿನ ಸಿಗಲೇ ಇಲ್ಲ. ಊಟ ಚೆನ್ನಾಗಿತ್ತು. ಜೋಳದ ರೊಟ್ಟಿ, ಎಣ್ಣೆಗಾಯಿ, ನಮ್ಮ ಬೀದರ್ ಕಡೆಯ ಕೈರುಚಿ.

ಸಂದೇಶ ಕೊಟ್ಟವರು ವಯಸ್ಸಾದ ಪಾಸ್ಟರ್. ದನಿ ಏರಿಸದೆ, ಮನೆಯಲ್ಲಿ ಕೂತು ಮಾತಾಡಿದ ಹಾಗೆ ಮಾತಾಡಿದರು. ದೀರ್ಘಶಾಂತಿ ಅನ್ನೋ ಪದವನ್ನು ಬೈಬಲ್ಲಿನ ಗಲಾತ್ಯ 5ರಲ್ಲಿ, ಪವಿತ್ರಾತ್ಮನ ಫಲಗಳ ಪಟ್ಟಿಯಲ್ಲಿ, ಎಷ್ಟು ಸಲ ಓದಿದ್ದೇನೋ, ಪ್ರೀತಿ, ಸಂತೋಷ, ಸಮಾಧಾನ ಆದ ಮೇಲೆ ನಾಲ್ಕನೆಯದು, ಆದರೆ ಒಂದು ದಿನವೂ ಅದರ ಮುಂದೆ ನಿಂತಿರಲಿಲ್ಲ. ಅವರು ವಿಮೋಚನಕಾಂಡ 34 ತೆಗೆಸಿದರು. ದೇವರು ದೀರ್ಘಶಾಂತನು ಅಂತ ಅಲ್ಲಿದೆ. ಹೀಬ್ರೂ ಮೂಲದಲ್ಲಿ ಅದು ಅಕ್ಷರಶಃ 'ಉದ್ದ ಮೂಗಿನವನು' ಅಂತೆ. ಎಲ್ಲರೂ ಮುಖ ಮುಖ ನೋಡಿಕೊಂಡೆವು. ಆಗ ಅವರು, "ಸಿಡುಕಿನವರಿಗೆ ನಾವು ಏನಂತೀವಿ? ಮೂಗಿನ ತುದಿಯಲ್ಲೇ ಕೋಪ ಅಂತೀವಲ್ಲ? ದೇವರ ಕೋಪ ಮೂಗಿನ ತುದಿಗೆ ಬರೋಕೆ ಬಹಳ ದೂರ ಬರಬೇಕು" ಅಂದರು. ಈ ಮಾತು ಬಂದದ್ದು ಯಾವಾಗ ಅನ್ನೋದನ್ನೂ ನೆನಪಿಸಿದರು. ಜನ ಚಿನ್ನದ ಬಸವನನ್ನು ಮಾಡಿಕೊಂಡು ಕುಣಿದು, ಅವರ ನಾಯಕ ಮೋಶೆ ದೇವರ ಆಜ್ಞೆಗಳಿದ್ದ ಕಲ್ಲಿನ ಹಲಿಗೆಗಳನ್ನು ಒಡೆದುಹಾಕಿ, ಎರಡನೇ ಸಲ ಬೆಟ್ಟ ಹತ್ತಿದಾಗ. ಅಂಥ ಹೊತ್ತಿನಲ್ಲಿ ದೇವರು ತನ್ನ ಬಗ್ಗೆ ಹೇಳಿಕೊಂಡ ಮಾತು ಅದು.

ನನಗೆ ಎಲ್ಲಕ್ಕಿಂತ ಜಾಸ್ತಿ ಹಿಡಿಸಿದ್ದು ಮೂರನೇ ದಿನ ಬೆಳಿಗ್ಗೆ. ನಮ್ಮನ್ನೆಲ್ಲ ಪಕ್ಕದ ಅಂಜೂರದ ತೋಟಕ್ಕೆ ಕರೆದುಕೊಂಡು ಹೋದರು. ಸಾಸ್ವಡ ಇರುವ ಪುರಂದರ ತಾಲೂಕಿನ ಅಂಜೂರ ಹೆಸರುವಾಸಿ, 2016ರಲ್ಲಿ ಆ ಊರಿನದೇ ವಿಶೇಷ ಬೆಳೆ ಅನ್ನೋ ಜಿಐ ಮಾನ್ಯತೆಯೂ ಸಿಕ್ಕಿದೆ. ಅಲ್ಲಿ ಮರದ ಕೆಳಗೆ ನಿಂತು ಲೂಕ 13 ಓದಿದೆವು. ಮೂರು ವರ್ಷದಿಂದ ಹಣ್ಣು ಕೊಡದ ಮರವನ್ನು ಕಡಿದುಹಾಕು ಅಂತಾನೆ ಯಜಮಾನ. ತೋಟಗಾರ, ಈ ವರ್ಷವೂ ಬಿಡಯ್ಯಾ, ಸುತ್ತ ಅಗೆದು ಗೊಬ್ಬರ ಹಾಕ್ತೀನಿ ಅಂತಾನೆ. ಆಮೇಲೆ ಆ ಮರ ಹಣ್ಣು ಬಿಟ್ಟಿತೋ ಇಲ್ಲವೋ, ಯೇಸು ಹೇಳಲಿಲ್ಲ.

ತೋಟದ ರೈತ ಮರಾಠಿಯಲ್ಲಿ ತನ್ನ ಕೆಲಸ ವಿವರಿಸಿದ. ಹೊಸ ಚಿಗುರಿನಲ್ಲಿ ಕಾಯಿ ಕಟ್ಟಬೇಕು, ಅದಕ್ಕೆ ಕೊಂಬೆ ಸವರುತ್ತಾರಂತೆ. ಒಂದು ರೆಂಬೆ ಕತ್ತರಿಸಿ ತೋರಿಸಿದ. ಕತ್ತರಿಸಿದ ಕಡೆ ಬಿಳಿ ಹಾಲು ಹನಿ ಹನಿಯಾಗಿ ಉಕ್ಕಿತು. ನನ್ನ ಬೆರಳಿಗೆ ತಾಗಿ ಸಂಜೆವರೆಗೂ ತುರಿಸುತ್ತಿತ್ತು. ಬುಡದ ಸುತ್ತ ಆಗಷ್ಟೇ ಅಗೆದ ಮಣ್ಣು, ಸಗಣಿ ಗೊಬ್ಬರದ ವಾಸನೆ. ಅಲ್ಲಿ ನನಗೆ ಗೊತ್ತಾಯಿತು, ದೇವರು ನನಗೋಸ್ಕರ ಕಾಯ್ತಾನೆ ಅಂದರೆ ಕೈಕಟ್ಟಿ ನಿಂತಿದ್ದಾನೆ ಅಂತ ಇಷ್ಟು ವರ್ಷ ತಿಳಿದಿದ್ದೆ, ಆದರೆ ಅವನು ನನ್ನ ಬುಡದಲ್ಲಿ ಗುದ್ದಲಿ ಹಿಡಿದು ಕೂತಿದ್ದಾನೆ. ಹೋದ ವರ್ಷದ ಕಾಯಿಲೆ, ಕೆಲಸ ಹೋದದ್ದು, ಎಲ್ಲವನ್ನೂ ಆ ಅಗೆತದ ಜೊತೆ ಇಟ್ಟು ನೋಡಿದೆ. ಎಲ್ಲದಕ್ಕೂ ಉತ್ತರ ಸಿಗಲಿಲ್ಲ. ಆದರೂ ಅಳು ಬಂತು, ತಡೆದುಕೊಳ್ಳಲಿಲ್ಲ.

ನನ್ನ ಮಗ ಡಿಪ್ಲೊಮಾದಲ್ಲಿ ಮೂರು ವರ್ಷದಿಂದ ಅದೇ ಎರಡು ಪೇಪರ್‌ನಲ್ಲಿ ನಿಂತಿದ್ದಾನೆ. 'ನಿನ್ನಿಂದ ಏನೂ ಆಗಲ್ಲ' ಅಂತ ನಾನೇ ಅವನಿಗೆ ಹೇಳಿದ್ದೆ. ಕಡಿದುಹಾಕು ಅನ್ನೋದೂ ಅದೇ ಮಾತು ತಾನೇ? ವಾಪಸ್ ಬರುವಾಗ ದಿವೆ ಘಾಟಿನಲ್ಲಿ ಬಸ್ ಒಂದು ಗಂಟೆ ನಿಂತಿತು. ಅಲ್ಲಿಂದಲೇ ಫೋನ್ ಮಾಡಿದೆ. ಕ್ಷಮಿಸು ಅಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಊಟ ಆಯ್ತಾ ಅಮ್ಮ" ಅಂತ ಕೇಳಿದ.

ಹೋಗುವವರು ಹಡಪ್ಸರದಿಂದ ಸಾಸ್ವಡದ ಬಸ್ ಹಿಡಿಯಿರಿ, ಬೆಳಿಗ್ಗೆ ಬೇಗ ಹೊರಟರೆ ಘಾಟಿನ ಟ್ರಾಫಿಕ್ ತಪ್ಪುತ್ತದೆ. ಹೊದಿಕೆ ಮನೆಯಿಂದಲೇ ತನ್ನಿ. ದೊಡ್ಡ ಅಕ್ಷರದ ಸತ್ಯವೇದ ಇದ್ದರೆ ಅದನ್ನೂ ತನ್ನಿ, ಹಾಲ್‌ನಲ್ಲಿ ಬೆಳಕು ಕಡಿಮೆ. ಮುಂದಿನ ವರ್ಷ ಎರಡನೇ ದಿನದ ಸಂದೇಶ ಕಡಿಮೆ ಮಾಡಿ ತೋಟದಲ್ಲಿ ಇನ್ನೊಂದು ಹೊತ್ತು ಕೊಡಿ ಅಂತ ನಡೆಸಿದವರಿಗೆ ಬರೆದು ಕೊಟ್ಟಿದ್ದೇನೆ. ನಾನಂತೂ ಮತ್ತೆ ಹೋಗುತ್ತೇನೆ, ಬರ್ತೀನಿ ಅಂದರೆ ಮಗನನ್ನೂ ಕರೆದುಕೊಂಡು.