ಸ್ಲೀಪಿಂಗ್ ಡಾಗ್ಸ್ ಮತ್ತು ಜಿಟಿಎ 5: ಯಾವುದನ್ನು ಮೊದಲು ಆಡಬೇಕು?

ಅಪರಾಧ ಲೋಕದ ಓಪನ್ ವರ್ಲ್ಡ್ (ಇಡೀ ನಗರದಲ್ಲಿ ಮನಬಂದಂತೆ ಸುತ್ತಾಡಬಹುದಾದ) ವಿಡಿಯೋ ಗೇಮ್‌ಗಳನ್ನೆಲ್ಲ 2013ರಲ್ಲಿ ಬಿಡುಗಡೆಯಾದ ಜಿಟಿಎ 5ರ (ಗ್ರ್ಯಾಂಡ್ ಥೆಫ್ಟ್ ಆಟೋ 5) ಪಕ್ಕದಲ್ಲಿಟ್ಟು ತೂಗುವುದು ವಾಡಿಕೆಯಾಗಿದೆ. ಲಾಸ್ ಏಂಜಲೀಸನ್ನು ಹೋಲುವ ಲಾಸ್ ಸ್ಯಾಂಟೋಸ್ ನಗರ, ಅದರಾಚೆಯ ಮರುಭೂಮಿ, ಬೆಟ್ಟ, ಕಡಲು ಮತ್ತು ಮೂವರು ನಾಯಕರ ನಡುವೆ ಹಂಚಿಹೋಗುವ ಕತೆಯ ಮುಂದೆ, ಒಂದು ವರ್ಷ ಮೊದಲು ಬಂದ ಸ್ಲೀಪಿಂಗ್ ಡಾಗ್ಸ್ ಚಿಕ್ಕದಾಗಿಯೇ ಕಾಣುತ್ತದೆ. ಆದರೆ ಅಪರಾಧಕ್ಕೆ ಬೆಲೆ ತೆರಬೇಕೆಂಬುದನ್ನು ಆಟದ ನಿಯಮಗಳಲ್ಲೇ ಹೆಣೆದಿರುವುದು ಈ ಚಿಕ್ಕ ಗೇಮ್ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹಾಂಗ್‌ಕಾಂಗ್‌ನಲ್ಲಿ ನಡೆಯುವ ಕತೆಯ ನಾಯಕ ವೇ ಶೆನ್, ಸನ್ ಆನ್ ಯೀ ಎಂಬ ಟ್ರಯಾಡ್ (ಚೀನೀ ಮಾಫಿಯಾ) ಗ್ಯಾಂಗಿನೊಳಗೆ ಗುರುತು ಮರೆಸಿ ಸೇರಿಕೊಂಡ ಪೊಲೀಸ್ ಅಧಿಕಾರಿ. ಮಿಷನ್ (ಆಟದ ಒಂದು ಕಾರ್ಯಾಚರಣೆ) ಆರಂಭವಾದಾಗ ಅವನ ಪೊಲೀಸ್ ಅಂಕ ತುಂಬಿಯೇ ಇರುತ್ತದೆ. ದಾರಿಹೋಕರಿಗೆ ಪೆಟ್ಟಾದರೆ, ರಸ್ತೆಬದಿಯ ಆಸ್ತಿಗೆ ಕಾರು ಗುದ್ದಿದರೆ ಅದು ಇಳಿಯುತ್ತ ಹೋಗುತ್ತದೆ. ಟ್ರಯಾಡ್ ಅಂಕವಾದರೋ ಸೊನ್ನೆಯಿಂದ ಶುರುವಾಗಿ, ಎದುರಾಳಿಗಳನ್ನು ಕ್ರೂರವಾಗಿ ಬಡಿದಷ್ಟೂ ಏರುತ್ತದೆ. ಹೀಗಾಗಿ ಶತ್ರುಗಳು ಬೆನ್ನಟ್ಟಿ ಬರುತ್ತಿರುವಾಗಲೂ ಫುಟ್‌ಪಾತಿನ ಜನರನ್ನು ಕಂಡು ಬ್ರೇಕ್ ಒತ್ತುವ ಅಭ್ಯಾಸ ಆಟಗಾರನಿಗೆ ತಾನಾಗಿಯೇ ಬರುತ್ತದೆ.

ಬಂದೂಕು ಇಲ್ಲಿ ಅಪರೂಪ, ಕೈಕಾಲುಗಳೇ ಆಯುಧ. ಎದುರಾಳಿ ಹೊಡೆಯುವ ಮುನ್ನ ಅವನ ಮೈ ಕ್ಷಣಕಾಲ ಕೆಂಪಾಗಿ ಹೊಳೆಯುತ್ತದೆ. ಆಗಲೇ ಬಟನ್ ಒತ್ತಿದರೆ ವೇ ಶೆನ್ ಆ ಏಟನ್ನು ತಡೆದು ತಿರುಗೇಟು ಕೊಡುತ್ತಾನೆ. ಕಳುವಾದ ಜೇಡ್ (ಹಸಿರು ಕಲ್ಲಿನ) ಪ್ರತಿಮೆಗಳನ್ನು ಹುಡುಕಿ ಸಮರಕಲೆಯ ಗುರುವಿಗೆ ಒಪ್ಪಿಸಿದರೆ ಹೊಸ ಪಟ್ಟುಗಳು ದೊರೆಯುತ್ತವೆ. ಹೀಗೆ ಕಲಿತ ಪಟ್ಟು ಹೊಡೆದಾಟದಲ್ಲಿ ಕೈಹಿಡಿದಾಗ ಆಗುವ ತೃಪ್ತಿ ಜಿಟಿಎ 5ರ ಗುಂಡಿನ ಕಾಳಗದಲ್ಲಿ ನನಗೆ ಸಿಕ್ಕಿಲ್ಲ.

ಕಾರು ಓಡಿಸುವ ಅನುಭವದಲ್ಲಿ ಮಾತ್ರ ಜಿಟಿಎ 5 ನಿಸ್ಸಂಶಯವಾಗಿ ಮೇಲು. ಅದರ ದರೋಡೆಗಳ ಯೋಜನೆಯೂ ಅಷ್ಟೇ ಸೊಗಸು: ಆಭರಣದ ಅಂಗಡಿಯ ದರೋಡೆಗೆ ಕಡಿಮೆ ಪಾಲು ಕೇಳುವ ಹ್ಯಾಕರನನ್ನು ಆರಿಸಿದರೆ, ಅಲಾರಂ ಕೂಗುವ ಮುನ್ನ ಗಾಜು ಒಡೆದು ಒಡವೆ ದೋಚಲು ಸಿಗುವ ಸಮಯವೂ ಕಡಿಮೆಯಾಗುತ್ತದೆ. ಇಂಥ ಲೆಕ್ಕಾಚಾರ ಇಡೀ ನಗರಕ್ಕೆ ಹಬ್ಬಿದ್ದರೆ ಎಷ್ಟು ಚೆನ್ನಾಗಿತ್ತು! ಅದು ಅಸಾಧ್ಯವೇನಲ್ಲ: 2002ರ ಮಾಫಿಯಾ ಗೇಮ್‌ನಲ್ಲಿ ಕೆಂಪು ದೀಪ ದಾಟಿದರೂ ಪೊಲೀಸರು ತಡೆದು ದಂಡ ಹಾಕುತ್ತಿದ್ದರು.

ಗೆಳೆಯರೊಂದಿಗೆ ಆನ್‌ಲೈನ್ ಆಡುವುದೇ ಉದ್ದೇಶವಾಗಿದ್ದರೆ ಜಿಟಿಎ 5 ಕೊಳ್ಳಿ. ಸ್ಲೀಪಿಂಗ್ ಡಾಗ್ಸ್‌ನಲ್ಲಿ ಮಲ್ಟಿಪ್ಲೇಯರ್ ಇಲ್ಲ. ಒಬ್ಬರೇ ಕುಳಿತು ಕತೆಯಲ್ಲಿ ಮುಳುಗಬೇಕೆನ್ನುವವರು ಸ್ಲೀಪಿಂಗ್ ಡಾಗ್ಸ್‌ನಿಂದಲೇ ಆರಂಭಿಸಲಿ, ಅದರಲ್ಲೂ ಹೆಚ್ಚುವರಿ ಕತೆಗಳನ್ನು ಒಳಗೊಂಡ 2014ರ ಡೆಫಿನಿಟಿವ್ ಎಡಿಷನ್ ಆರಿಸಿಕೊಳ್ಳಲಿ.