ಆಪರೇಷನ್‌ಗೆ ಮುಂಚಿನ ಊಟದ ತರಬೇತಿ: ಕ್ಲಾಸಿಗೆ ಪೂರ್ತಿ ಮಾರ್ಕು, ಚಾರ್ಟಿಗೆ ಪಾಸ್ ಮಾರ್ಕು, ಫೋನಿಗೆ ಸೊನ್ನೆ

ತೂಕ ಇಳಿಸುವ ಆಪರೇಷನ್‌ಗೆ ಮುಂಚೆ ಮೂರು ತಿಂಗಳು ಊಟ ಮಾಡುವುದನ್ನು ಕಲಿಸುತ್ತಾರೆ, ಅದಕ್ಕೆ ಎಂಟು ಸಾವಿರ ಫೀಸು ಅಂದಾಗ ನಮ್ಮ ಅತ್ತೆ ನಂಬಲೇ ಇಲ್ಲ. ನಾನು ಮಂಡ್ಯದಲ್ಲಿ ಮುದ್ದೆ ಊಟದ ಮೆಸ್ ನಡೆಸುವವಳು. "ಊರ್ಗೆಲ್ಲ ಉಣ್ಣಾಕಿಕ್ಕೋಳ್ಗೆ ಉಣ್ಣೋದ್ ಹೇಳ್ಕೊಡಾಕೆ ಮೈಸೂರ್ನೋರು ಬೇಕಾ?" ಅಂತ ಕೇಳಿದರು. ಬೇಕಿತ್ತು. ಯಾಕೆ ಬೇಕಿತ್ತು, ಕೊಟ್ಟ ದುಡ್ಡಿಗೆ ಏನು ಬಂತು, ಏನು ಬರಲಿಲ್ಲ ಎಂದು ಬರೆಯುತ್ತೇನೆ. ಈ ಆಪರೇಷನ್ ಬಗ್ಗೆ ಕನ್ನಡದಲ್ಲಿ ಹುಡುಕಿದರೆ ಬರೀ ಆಸ್ಪತ್ರೆಗಳ ಜಾಹೀರಾತೇ ಸಿಗುತ್ತದೆ.

ಮೈಸೂರಿನ ಆ ಕ್ಲಿನಿಕ್ ಹೆಸರು ಹಾಕುತ್ತಿಲ್ಲ. ನನ್ನದೊಂದು ದೂರು ಇನ್ನೂ ಅವರ ಹತ್ತಿರವೇ ಇದೆ, ಅದು ಮುಗಿಯಲಿ. ಹೇಗೂ ಬೇರಿಯಾಟ್ರಿಕ್ ಸರ್ಜರಿ, ಅಂದರೆ ತೂಕ ಇಳಿಸುವ ಈ ಆಪರೇಷನ್ ಮಾಡುವ ಕಡೆಯೆಲ್ಲ ಈ ತರಬೇತಿ ಸ್ವಲ್ಪ ಹೆಚ್ಚುಕಡಿಮೆ ಹೀಗೇ ಇರುತ್ತದೆ ಅಂತ ಬೇರೆ ಕಡೆ ಮಾಡಿಸಿಕೊಂಡವರೂ ಹೇಳಿದರು. ಪ್ಯಾಕೇಜಿನಲ್ಲಿ ಡಯಟಿಷಿಯನ್ ಭೇಟಿ, ಶನಿವಾರದ ಗುಂಪು ಕ್ಲಾಸು, ಒಂದು ವಾಟ್ಸಾಪ್ ಗುಂಪು, ಒಂದು ಕಿಟ್, ಕೊನೆಗೆ ಲಿವರ್ ಕುಗ್ಗಿಸುವ ಎರಡು ವಾರದ ಪಥ್ಯ (ಲಿವರ್ ಡಯಟ್) ಇವೆ. ರಕ್ತ ಪರೀಕ್ಷೆ, ಸ್ಕ್ಯಾನಿಂಗ್, ಎಂಡೋಸ್ಕೋಪಿ ಎಲ್ಲದಕ್ಕೂ ಬೇರೆ ಬಿಲ್ಲು.

ನನಗೆ ಆದದ್ದು ಸ್ಲೀವ್ ಅನ್ನುವ ಬಗೆಯ ಆಪರೇಷನ್. ಹೊಟ್ಟೆಯ ಮುಕ್ಕಾಲು ಭಾಗಕ್ಕಿಂತ ಹೆಚ್ಚನ್ನು ಕತ್ತರಿಸಿ ತೆಗೆಯುತ್ತಾರೆ, ಉಳಿಯುವುದು ಬಾಳೆಹಣ್ಣಿನಷ್ಟು ಸಣ್ಣ ಕೊಳವೆ. ಅದಕ್ಕೆ ಗಬಗಬ ತಿಂದರೆ, ಅಗಿಯದೆ ನುಂಗಿದರೆ ಎದೆಯಲ್ಲಿ ಹಿಡಿದುಕೊಳ್ಳುತ್ತದೆ, ವಾಂತಿಯಾಗುತ್ತದೆ. ನಲವತ್ತು ವರ್ಷದ ಅಭ್ಯಾಸ ಆಪರೇಷನ್ ಥಿಯೇಟರಿನಲ್ಲಿ ಬಿಟ್ಟುಹೋಗುವುದಿಲ್ಲವಲ್ಲ, ಅದಕ್ಕೆ ಮುಂಚಿನಿಂದಲೇ ರೂಢಿ ಮಾಡಿಸುತ್ತಾರೆ.

ಮೊದಲನೇ ಕ್ಲಾಸಿನಲ್ಲಿ ಎಲ್ಲರ ಮುಂದೆ ಅರ್ಧರ್ಧ ಇಡ್ಲಿ ಇಟ್ಟರು. ಚಟ್ನಿ ಒಂದು ಚಮಚ, ಸಾಂಬಾರ್ ಇಲ್ಲ. ಗೋಡೆಯ ಮೇಲೆ ಟೈಮರ್, ಇಪ್ಪತ್ತು ನಿಮಿಷ. ಮಕ್ಕಳ ಚಮಚದಲ್ಲಿ ಉಗುರಿನಷ್ಟು ತೆಗೆದು ಬಾಯಿಗಿಟ್ಟು, ಚಮಚ ಕೆಳಗಿಟ್ಟು, ಇಪ್ಪತ್ತೈದು ಸಲ ಅಗಿದು, ನುಂಗಿದ ಮೇಲೇ ಮತ್ತೆ ಚಮಚ ಮುಟ್ಟಬೇಕು. ಇಡ್ಲಿಯಲ್ಲಿ ಅಗಿಯುವುದಕ್ಕೆ ಏನಿದೆ? ಏಳೆಂಟು ಸಲಕ್ಕೆ ಬಾಯಲ್ಲಿ ನೀರಾಗಿ, ಅಕ್ಕಿಯ ಸಿಹಿ ಬಂದು, ತಾನೇ ಗಂಟಲಿಗೆ ಇಳಿಯಿತು. ನನ್ನ ಪಕ್ಕದಲ್ಲಿದ್ದ ಹುಣಸೂರು ಕಡೆಯ ಮೇಷ್ಟ್ರು ಮೂರು ನಿಮಿಷಕ್ಕೆ ತಟ್ಟೆ ಖಾಲಿ ಮಾಡಿ, ಉಳಿದ ಹದಿನೇಳು ನಿಮಿಷ ನಮ್ಮ ತಟ್ಟೆಗಳನ್ನೇ ನೋಡಿಕೊಂಡು ಕೂತಿದ್ದರು. ಡಯಟಿಷಿಯನ್ ಹುಡುಗಿ ಬೈಯಲಿಲ್ಲ. "ಸರ್, ಆಪರೇಷನ್ ಆದ್ಮೇಲೆ ಇದೇ ಸ್ಪೀಡಲ್ಲಿ ತಿಂದ್ರೆ ಈ ಹೊತ್ತಿಗೆ ನೀವು ಬಾತ್‌ರೂಮಲ್ಲಿ ಇರ್ತಿದ್ರಿ" ಅಂದಳು, ಅಷ್ಟೆ. ಮುಂದಿನ ಶನಿವಾರ ಮೇಷ್ಟ್ರು ಹದಿನೈದು ನಿಮಿಷ ಎಳೆದರು.

ಈ ಕ್ಲಾಸಿಗೆ ನಾನು ಕೈ ಮುಗಿಯುತ್ತೇನೆ. ಹೇಳುವುದು ಬೇರೆ, ಮುಂದೆ ಕೂರಿಸಿಕೊಂಡು ಮಾಡಿಸುವುದು ಬೇರೆ.

ತೊಡಕು ಶುರುವಾದದ್ದು ಮುದ್ದೆಗೆ. ಅವರು ಕೊಟ್ಟ ಊಟದ ಇಂಗ್ಲಿಷ್ ಚಾರ್ಟಿನಲ್ಲಿ ರಾಗಿ ಒಳ್ಳೆಯದು, ಮಿಲೆಟ್, ಸೂಪರ್‌ಫುಡ್ ಎಂದೆಲ್ಲ ಇತ್ತು. ಪ್ರತಿ ತುತ್ತನ್ನೂ ಅಗಿಯಿರಿ ಎಂದೂ ಇತ್ತು. ಮುದ್ದೆ ಅಗಿಯುತ್ತಾರಾ ಯಾರಾದರೂ? ಮುರಿದು, ಸಾರಿನಲ್ಲಿ ಉರುಳಿಸಿ, ಗುಳುಕ್ಕನೆ ನುಂಗಬೇಕು. ಅಗಿದರೆ ಹಲ್ಲಿಗೆಲ್ಲ ಮೆತ್ತಿಕೊಳ್ಳುತ್ತದೆ. ನಮ್ಮ ಮೆಸ್ಸಿನಲ್ಲಿ ಯಾರಾದರೂ ಅಗಿಯುತ್ತಿದ್ದರೆ ಹೊರಗಿನವರು ಅಂತ ಲೆಕ್ಕ. ಈ ಪ್ರಶ್ನೆ ಕೇಳಿದಾಗ ಡಯಟಿಷಿಯನ್ ಒಂದು ಗಳಿಗೆ ಸುಮ್ಮನಾದಳು. ಅವಳು ಮಂಗಳೂರಿನವಳು, ಮುದ್ದೆ ಉಂಡವಳಲ್ಲ. ಮರುವಾರ ಸರ್ಜನ್ನರನ್ನು ಕೇಳಿಕೊಂಡು ಬಂದು ನೇರವಾಗಿ ಹೇಳಿದಳು: ಆಂಟಿ, ನುಂಗುವ ಅಭ್ಯಾಸವೇ ಹೋಗಬೇಕು, ಮುದ್ದೆ ಸದ್ಯಕ್ಕೆ ನಿಲ್ಲಿಸಿ, ಆಪರೇಷನ್ ಆಗಿ ದ್ರವಾಹಾರ ಮುಗಿದ ಮೇಲೆ ರಾಗಿ ಅಂಬಲಿ ತೆಳ್ಳಗೆ ಶುರು ಮಾಡೋಣ. ಗೊತ್ತಿಲ್ಲದ್ದನ್ನು ಕೇಳಿ ತಿಳಿದು ಬಂದು ಹೇಳಿದ್ದು ನನಗೆ ಹಿಡಿಸಿತು.

ಇನ್ನು ನೀರು. ಊಟಕ್ಕೆ ಅರ್ಧ ಗಂಟೆ ಮುಂಚೆ ನಿಲ್ಲಿಸಬೇಕು, ಊಟವಾಗಿ ಅರ್ಧ ಗಂಟೆ ಮುಟ್ಟಬಾರದು, ಉಳಿದ ಹೊತ್ತಿನಲ್ಲಿ ಗುಟುಕು ಗುಟುಕಾಗಿ ದಿನವಿಡೀ ಕುಡಿಯಬೇಕು. ಒಲೆ ಮುಂದೆ ಬೆವರು ಸುರಿಸಿ ಬಂದು ಚೊಂಬು ಎತ್ತಿ ಗಟಗಟ ಕುಡಿಯುವ ನನಗೆ ಅಗಿಯುವುದಕ್ಕಿಂತ ಇದೇ ಕಷ್ಟವಾಯಿತು. ಕಿಟ್ಟಿನಲ್ಲಿ 30 ಮಿಲಿ ಗುರುತಿನ ಪ್ಲಾಸ್ಟಿಕ್ ಕಪ್ ಕೊಟ್ಟಿದ್ದರು, ಎರಡೇ ವಾರಕ್ಕೆ ಸೀಳಿತು. ಆಮೇಲೆ ಮೊಮ್ಮಗುವಿನ ಬೆಳ್ಳಿ ಒಳಲೆ ಅಳೆದು ನೋಡಿದೆ, ಹತ್ತಿರ ಹತ್ತಿರ ಅಷ್ಟೇ ಹಿಡಿಯುತ್ತದೆ. ಗಲ್ಲಾಪೆಟ್ಟಿಗೆ ಪಕ್ಕ ಒಳಲೆ ಇಟ್ಟುಕೊಂಡು ನೀರು ಗುಟುಕರಿಸುವ ಮೆಸ್ಸಿನ ಯಜಮಾನತಿಯನ್ನು ನೋಡಿ ಗಿರಾಕಿಗಳು "ಏನಕ್ಕ, ಒಳಲೆ ನಿಮ್ಗೋ ಮಗೀಗೋ?" ಅಂತ ರೇಗಿಸಿದರು. ಸೋಡಾ, ಕೂಲ್‌ಡ್ರಿಂಕ್ಸ್ ಬಂದ್, ಸ್ಟ್ರಾ ಬಂದ್. ಬೆಳಗಿನ ಜಾವದಿಂದ ಸುರಿದುಕೊಳ್ಳುತ್ತಿದ್ದ ಟೀ ಮೊದಲು ಸಕ್ಕರೆ ಕಳೆದುಕೊಂಡಿತು, ಆಮೇಲೆ ಲೋಟಗಳು ಒಂದೊಂದಾಗಿ ಕಮ್ಮಿಯಾದವು. ತಲೆನೋವು ಬಂದು ಹೋಯಿತು.

ಅಡಿಗೆಯವರು ಯಾರಾದರೂ ಓದುತ್ತಿದ್ದರೆ ಒಂದು ಮಾತು: ಯಾವ ಚಾರ್ಟಿನಲ್ಲೂ ರುಚಿ ನೋಡುವುದರ ಲೆಕ್ಕ ಇರುವುದಿಲ್ಲ. ಕೈಯಲ್ಲಿ ಬಿಟ್ಟುಕೊಂಡ ಸಾರು, ಹದ ನೋಡಲು ಚಿಟಿಕೆ ಪಲ್ಯ, ಬೆಂದಿದೆಯಾ ಅಂತ ಒಂದು ತುಂಡು ಮಾಂಸ. ಡೈರಿಯಲ್ಲಿ ಬರೆದಿಡು ಅಂದರು, ಬರೆದೆ. ಒಂದು ದಿನದ ರುಚಿಯೇ ಒಂದು ಊಟದಷ್ಟಾಗಿತ್ತು. ಆ ಕೆಲಸ ಈಗ ನನ್ನ ನಾದಿನಿಗೆ. ಉಪ್ಸಾರಿನ ಖಾರಕ್ಕೆ ಉಪ್ಪು ಸ್ವಲ್ಪ ಮುಂದಾಗಿದೆ ಅಂತ ಹಳೇ ಗಿರಾಕಿಗಳು ಗೊಣಗುತ್ತಾರೆ, ಗೊಣಗಲಿ.

ಚಾರ್ಟಿಗೆ ಬರೋಣ. ಮೊದಲು ಕೊಟ್ಟದ್ದು ಎಲ್ಲರಿಗೂ ಕೊಡುವ ಪ್ರಿಂಟ್: ಓಟ್ಸ್, ಕ್ವಿನೋವಾ, ಬ್ರೊಕೊಲಿ ಸೂಪ್, ಗ್ರೀಕ್ ಯೋಗರ್ಟ್. ಮಂಡ್ಯದ ಮಾರ್ಕೆಟ್ಟಿನಲ್ಲಿ ಇವನ್ನು ಹುಡುಕಿಕೊಂಡು ಓಡಾಡಿದರೆ ಅದರಲ್ಲೇ ತೂಕ ಇಳಿಯುತ್ತದೆ. ದಿನಕ್ಕೆ ಕಮ್ಮಿಯೆಂದರೂ 60 ಗ್ರಾಂ ಪ್ರೋಟೀನ್ ಬೇಕು, ತಟ್ಟೆಯಲ್ಲಿ ಮೊದಲು ಅದನ್ನೇ ತಿನ್ನಬೇಕು, ಅನ್ನ ರೊಟ್ಟಿ ಕೊನೆಗೆ. ನಿಯಮ ಸರಿ, ಪದಾರ್ಥ ನಮ್ಮದಲ್ಲ. ನಾನೇ ಲೆಕ್ಕ ಹಾಕಲು ಕೂತೆ. ಒಂದು ಮೊಟ್ಟೆಗೆ 6 ಗ್ರಾಂ. ನೂರು ಗ್ರಾಂ ಪನೀರಿಗೆ 18ರ ಆಸುಪಾಸು. ರಾಗಿ ಹಿಟ್ಟು ನೂರು ಗ್ರಾಮಿಗೆ 7 ಗ್ರಾಂ ಮಾತ್ರ. ಕ್ಯಾಲ್ಸಿಯಂ ಚೆನ್ನಾಗಿದೆ, ಆದರೆ ಮುದ್ದೆಯಲ್ಲೇ ಪ್ರೋಟೀನ್ ತುಂಬಿಕೊಳ್ಳುತ್ತೇನೆ ಅಂದರೆ ಆಗುವ ಮಾತಲ್ಲ.

ಬಸ್ಸಾರಿನಲ್ಲಿ ನನಗೆ ಇದು ಚೆನ್ನಾಗಿ ಹೊಳೆಯಿತು. ಕಾಳು ಸೊಪ್ಪು ಬೇಯಿಸಿ ಬಸಿಯುತ್ತೇವೆ. ಬಸಿದ ಕಟ್ಟು ಸಾರಿಗೆ ಹೋಗುತ್ತದೆ, ಕಾಳು ಸೊಪ್ಪು ಪಲ್ಯದಲ್ಲಿ ಉಳಿಯುತ್ತವೆ. ನಾವು ಮಾಡುವುದೇನು? ಸಾರಿನಲ್ಲಿ ಎರಡು ಮುದ್ದೆ ಇಳಿಸಿ, ಪಲ್ಯವನ್ನು ಎಲೆಯ ಮೂಲೆಯಲ್ಲಿಟ್ಟುಕೊಂಡು ನಂಚಿಕೊಳ್ಳುತ್ತೇವೆ. ಪ್ರೋಟೀನ್ ಬಹುಪಾಲು ಆ ಮೂಲೆಯಲ್ಲಿದೆ. ಈಗ ನನಗೆ ಪಲ್ಯವೇ ಊಟ, ಸಾರು ಬಾಯಿ ರುಚಿಗೆ. ಇದನ್ನು ಹೇಳಿದಾಗ ಡಯಟಿಷಿಯನ್ ಪೆನ್ನು ತೆಗೆದು ಬರೆದುಕೊಂಡಳು. ಮೊಳಕೆ ಹುರುಳಿಕಾಳು, ಹೆಸರುಕಾಳು ಉಸಲಿ, ಮೊಟ್ಟೆ, ಎಣ್ಣೆ ಕಮ್ಮಿ ಹಾಕಿದ ನಾಟಿ ಕೋಳಿ ತುಂಡು ಹಾಕಿ ಹೊಸ ಚಾರ್ಟು ಮಾಡಿದೆವು. ಅದು ಆಮೇಲೆ ವಾಟ್ಸಾಪ್ ಗುಂಪಿನಲ್ಲಿ ಕ್ಲಿನಿಕ್ ಹೆಸರು ಹೊತ್ತು ಬಂತು. ನನಗೆ ಫೀಸಿನಲ್ಲೇನೂ ಬಿಡಲಿಲ್ಲ.

ಪ್ರೋಟೀನ್ ಪೌಡರ್ ವಿಷಯ. ಕೌಂಟರಿನಲ್ಲಿ ಅವರೇ ಮಾರುತ್ತಾರೆ, ಪೂರ್ತಿ ಎಂಆರ್‌ಪಿಗೆ. ಅದೇ ಡಬ್ಬಿ ಹೊರಗೆ ಕಮ್ಮಿಗೆ ಸಿಗುತ್ತದೆ. ವೆನಿಲಾ ರುಚಿಯದು ಕುಡಿದ ಮೇಲೆ ಸಂಜೆಯವರೆಗೂ ನಾಲಿಗೆ ಮೇಲೆ ಸಿಹಿ ಕೂತಿರುತ್ತದೆ. ರುಚಿ ಹಾಕದ ವ್ಹೇ ಪೌಡರ್ (ಹಾಲಿನ ಪ್ರೋಟೀನ್ ಪುಡಿ) ತರಿಸಿಕೊಳ್ಳಿ. ಮಜ್ಜಿಗೆಗೆ ಉಪ್ಪು, ಜೀರಿಗೆ, ಕೊತ್ತಂಬರಿ ಹಾಕಿ ಅದರಲ್ಲಿ ಕಡೆದರೆ ಗೊತ್ತೇ ಆಗುವುದಿಲ್ಲ. ತಿಳಿಸಾರಿಗೂ ಹಾಕಬಹುದು, ಆದರೆ ಕುದಿಯುವ ಸಾರಿಗೆ ಹಾಕಿದರೆ ಗಂಟುಗಂಟಾಗಿ ಒಡೆದ ಹಾಲಿನ ಥರ ಆಗುತ್ತದೆ. ಸಾರು ಉಗುರುಬೆಚ್ಚಗಾಗಬೇಕು, ಪೌಡರನ್ನು ಮೊದಲು ತಣ್ಣೀರಿನಲ್ಲಿ ಕದಡಿಕೊಂಡಿರಬೇಕು. ಡಬ್ಬಿ ಮೇಲೆ ಒಂದು ಸ್ಕೂಪಿಗೆ ಎಷ್ಟು ಪ್ರೋಟೀನ್ ಅಂತ ನೋಡಿ. ಇಪ್ಪತ್ತು ಗ್ರಾಮಿಗಿಂತ ಕಮ್ಮಿ ಇದ್ದು ಸಕ್ಕರೆ ಜಾಸ್ತಿ ಇದ್ದರೆ ಅದು ಮಕ್ಕಳಿಗೆ ಹಾಲಿಗೆ ಹಾಕುವ ಪುಡಿಯ ಅಣ್ಣ ತಮ್ಮ ಅಷ್ಟೆ.

ಕೊನೆಯ ಎರಡು ವಾರದ ಲಿವರ್ ಡಯಟ್ಟೇ ಈ ಸೇವೆಯ ಅತಿ ಮುಖ್ಯ ಭಾಗ, ಅಲ್ಲೇ ಅವರು ಕೈಕೊಟ್ಟದ್ದು. ಲಿವರಿನ ಎಡಭಾಗ ಹೊಟ್ಟೆಯ ಮೇಲೆ ಮುಚ್ಚಿಕೊಂಡಿರುತ್ತದೆ. ಸಣ್ಣ ತೂತುಗಳ ಮೂಲಕ ಮಾಡುವ ಲ್ಯಾಪರೋಸ್ಕೋಪಿಯಲ್ಲಿ ಅದನ್ನು ಎತ್ತಿ ಹಿಡಿದೇ ಕೆಲಸ ಮಾಡಬೇಕು. ನನ್ನಂಥವರಿಗೆ ಫ್ಯಾಟಿ ಲಿವರ್ ಇರುತ್ತದೆ, ದೊಡ್ಡದಾಗಿ ಮೆತ್ತಗಾಗಿರುತ್ತದೆ, ಎತ್ತುವಾಗ ಹರಿದು ರಕ್ತ ಬರುವ ಭಯ. ದಿನಕ್ಕೆ 800ರಿಂದ 1,000 ಕ್ಯಾಲೊರಿಯ ಒಳಗೆ, ಅನ್ನ ರಾಗಿ ಸಕ್ಕರೆ ಬಿಟ್ಟು ಇದ್ದರೆ ಎರಡೇ ವಾರದಲ್ಲಿ ಅದು ಕುಗ್ಗುತ್ತದೆ. ಇಷ್ಟನ್ನು ಚಿತ್ರ ಬರೆದು ಚೆನ್ನಾಗಿ ತಿಳಿಸಿದರು.

ಶುಗರ್ ಮಾತ್ರೆಯ ಬಗ್ಗೆ ಮಾತ್ರ ಯಾರೂ ಬಾಯಿ ಬಿಡಲಿಲ್ಲ. ನಾನು ಗ್ಲಿಮಿಪಿರೈಡ್ ತೆಗೆದುಕೊಳ್ಳುತ್ತಿದ್ದೆ. ಉಂಡರೂ ಉಣ್ಣದಿದ್ದರೂ ಅದು ಇನ್ಸುಲಿನ್ ಬಿಡಿಸುತ್ತಲೇ ಇರುತ್ತದೆ. ಊಟ ಕಾಲು ಭಾಗಕ್ಕೆ ಇಳಿದು ಮಾತ್ರೆ ಅಷ್ಟೇ ಇದ್ದರೆ ಏನಾಗಬೇಕೋ ಅದೇ ಆಯಿತು. ಮಧ್ಯಾಹ್ನ ಬಡಿಸುವ ಹೊತ್ತಿನಲ್ಲಿ ಕೈ ನಡುಗಿ, ಬೆವರು ಇಳಿದು, ಮೀಟರಿನಲ್ಲಿ ನೋಡಿದರೆ 62. ಎಪ್ಪತ್ತಕ್ಕಿಂತ ಕೆಳಗೆ ಇಳಿಯಬಾರದು. ನೀರಿಗೆ ಸಕ್ಕರೆ ಕದಡಿ ಕುಡಿದು ಕೂತುಕೊಂಡು ಕ್ಲಿನಿಕ್ಕಿನ "24 ಗಂಟೆ ಸಹಾಯವಾಣಿ"ಗೆ ಫೋನ್ ಮಾಡಿದರೆ ರಿಂಗಾಗಿ ಕಟ್ಟಾಗುತ್ತಿತ್ತು. ವಾಟ್ಸಾಪಿಗೆ ಉತ್ತರ ಬಂದದ್ದು ಮರುದಿನ, ಅದೂ ಒಂದು ಹೂವಿನ ಚಿತ್ರದ ಜೊತೆ ಶುಭೋದಯ ಹೇಳಿ. ಮಾತ್ರೆ ನಿಲ್ಲಿಸಿ ಸರಿಮಾಡಿದ್ದು ನಮ್ಮ ಬೀದಿಯ ಹಳೇ ಡಾಕ್ಟ್ರು. ಲಿವರ್ ಡಯಟ್ ಶುರು ಮಾಡುವ ಮುಂಚಿನ ದಿನವೇ ನಿಮ್ಮ ಮಾತ್ರೆಗಳ ಪಟ್ಟಿ ಹಿಡಿದು ಶುಗರ್ ಡಾಕ್ಟರ ಮುಂದೆ ಕೂರಿ. ಇನ್ಸುಲಿನ್ ತಗೊಳ್ಳುವವರಂತೂ ಕೂರಲೇಬೇಕು. ಡಾಪಾಗ್ಲಿಫ್ಲೋಜಿನ್ ಥರದ ಶುಗರ್ ಮಾತ್ರೆ ಇದ್ದರೆ ಆಪರೇಷನ್‌ಗೆ ಕಮ್ಮಿಯೆಂದರೂ ಮೂರು ದಿನ ಮುಂಚೆ ನಿಲ್ಲಿಸಬೇಕಾಗುತ್ತದೆ, ಅದನ್ನೂ ಅವರನ್ನೇ ಕೇಳಿ. ನನ್ನ ದೂರು ಇದೇ.

ಅಚ್ಚರಿಯಾಗಿ ಉಪಯೋಗಕ್ಕೆ ಬಂದದ್ದು ಆ ಡೈರಿ. ಐಆರ್‌ಡಿಎಐ (ವಿಮೆ ಕಂಪನಿಗಳ ಮೇಲಿನ ಸರ್ಕಾರಿ ಸಂಸ್ಥೆ) ನಿಯಮದ ಪ್ರಕಾರ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 40 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ, ಇಲ್ಲವೇ 35 ಅಥವಾ ಅದಕ್ಕಿಂತ ಜಾಸ್ತಿ ಇದ್ದು ಹತೋಟಿಗೆ ಬಾರದ ಶುಗರ್, ತೀವ್ರ ಸ್ಲೀಪ್ ಆಪ್ನಿಯ (ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವುದು), ಹೃದಯದ ತೊಂದರೆ ಇಂಥದ್ದು ಇದ್ದು, ಬೇರೆ ದಾರಿಗಳಲ್ಲಿ ತೂಕ ಇಳಿಯದಿದ್ದರೆ ಈ ಸರ್ಜರಿ ವಿಮೆಗೆ ಬರುತ್ತದೆ. ಬೇರೆ ದಾರಿ ನೋಡಿದ್ದೀರಿ ಎನ್ನುವುದಕ್ಕೆ ಕಾಗದ ಕೇಳುತ್ತಾರೆ. ನನ್ನ ಹಳೇ ಚೀಟಿಗಳ ಜೊತೆ ಮೂರು ತಿಂಗಳ ಡೈರಿ, ತೂಕದ ಪಟ್ಟಿ ಎಲ್ಲ ಲಗತ್ತಿಸಿದೆ.

ಆಪರೇಷನ್ ಆದ ಮೇಲೆ ನರ್ಸ್ ಸಣ್ಣ ಕಪ್ಪಿನಲ್ಲಿ ನೀರು ತಂದು, ನಿಧಾನ, ಹದಿನೈದು ನಿಮಿಷಕ್ಕೆ ಇಷ್ಟೇ ಅಂದಾಗ ನನಗೆ ಹೊಸದೇನೂ ಅನ್ನಿಸಲಿಲ್ಲ. ಎದುರು ಮಂಚದಲ್ಲಿದ್ದ ಹುಡುಗ ಬೇರೆ ಕಡೆಯಿಂದ ಬಂದವನು, ಅವನಿಗೆ ಬರೀ ಪ್ರಿಂಟ್ ಕೊಟ್ಟು ಕಳಿಸಿದ್ದರಂತೆ. ಬಾಯಾರಿಕೆ ತಡೆಯದೆ ಒಂದೇ ಸಲ ಎತ್ತಿ ಕುಡಿದು ರಾತ್ರಿಯೆಲ್ಲ ಒದ್ದಾಡಿದ. ಎಂಟು ಸಾವಿರದಲ್ಲಿ ಆರು ಸಾವಿರ ಶನಿವಾರದ ಕ್ಲಾಸಿಗೇ ವಸೂಲಾಯಿತು ಅಂತ ನನ್ನ ಲೆಕ್ಕ. ಉಳಿದ ಎರಡು ಸಾವಿರ ಸಹಾಯವಾಣಿಯದು, ಅದನ್ನು ವಾಪಸ್ ಕೇಳಿದ್ದೇನೆ.

ಈಗ "ಆಫ್ಟರ್‌ಕೇರ್" ಅಂತ ಇನ್ನೊಂದು ಪ್ಯಾಕೇಜಿಗೆ ಸೇರಿ ಎನ್ನುತ್ತಿದ್ದಾರೆ. ಬಿ12, ಐರನ್, ಕ್ಯಾಲ್ಸಿಯಂ, ವಿಟಮಿನ್ ಡಿ ಇವುಗಳ ಮೇಲೆ ಜೀವನಪೂರ್ತಿ ಕಣ್ಣಿಡಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ರಕ್ತ ಪರೀಕ್ಷೆಗಳು ಮಂಡ್ಯದಲ್ಲೇ ಆಗುತ್ತವೆ. ಅದೇ ಡಯಟಿಷಿಯನ್ ಹುಡುಗಿ ಶನಿವಾರ ಕೂರುವುದಾದರೆ ಸೇರುತ್ತೇನೆ ಅಂತ ಹೇಳಿ ಬಂದಿದ್ದೇನೆ.