ವೆಲ್ಬಿ ಆಯೋಗದ ವರದಿ, ಮರುಮುದ್ರಣ: ಕೋಷ್ಟಕವೇ ಇಲ್ಲದ ಲೆಕ್ಕದ ಪುಸ್ತಕ (3 ಸ್ಟಾರ್)

32 ವರ್ಷ ಲೆಕ್ಕಪತ್ರ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು. ಒಬ್ಬರ ಖರ್ಚನ್ನು ಇನ್ನೊಬ್ಬರ ಹೆಸರಿಗೆ ಬರೆಯುವ ಆಟ ಎಷ್ಟೋ ನೋಡಿದ್ದೇನೆ. ಹಾಗಾಗಿ ಈ ವರದಿಯ ಮರುಮುದ್ರಣ ಆನ್‌ಲೈನಿನಲ್ಲಿ ಕಂಡ ದಿನವೇ ತರಿಸಿದೆ. ಸಾಕ್ಷ್ಯದ ಸಂಪುಟ ಒಂದು, 1900ರ ಕಡೆಯ ವರದಿ ಒಂದು. ಎರಡಕ್ಕೂ ಸೇರಿ 2,340 ರೂಪಾಯಿ.

ರಟ್ಟು ಗಟ್ಟಿ ಇದೆ, ಹೊಲಿಗೆ ಚೆನ್ನಾಗಿದೆ. ಕಾಗದ ಸ್ವಲ್ಪ ಜಾಸ್ತಿನೇ ಬಿಳಿ, ರಾತ್ರಿ ಓದುವಾಗ ಕಣ್ಣಿಗೆ ಹೊಡೆಯುತ್ತದೆ. ಸಾಕ್ಷ್ಯದ ಸಂಪುಟದಲ್ಲಿ ಪ್ರತಿ ಪ್ರಶ್ನೆಗೂ ನಂಬರ್ ಇದೆ, ಹುಡುಕಲು ಸುಲಭ.

ಭಾರತಕ್ಕೂ ಬ್ರಿಟನ್ನಿಗೂ ಸೇರಿದ ಕೆಲಸದ ಖರ್ಚನ್ನು ಯಾರೆಷ್ಟು ಹೊರಬೇಕು ಅಂತ ನೋಡಲು 1895ರಲ್ಲಿ ಲಂಡನ್ನಿನಲ್ಲಿ ಕೂತ ಆಯೋಗ ಇದು. ದಾದಾಭಾಯಿ ನವರೋಜಿ ಸದಸ್ಯರು. 1897ರಲ್ಲಿ ಗೋಖಲೆ ಹೋಗಿ ಸಾಕ್ಷ್ಯ ಹೇಳಿದರು, ಆಗ ಅವರಿಗೆ ಬರೀ 30 ವರ್ಷ! ನಾನು ಆ ವಯಸ್ಸಿನಲ್ಲಿ ಟಿಎ ಬಿಲ್ಲಿಗೆ ಟಿಕ್ ಹಾಕುತ್ತಿದ್ದೆ.

ನನ್ನನ್ನು ಹಿಡಿದು ಕೂರಿಸಿದ್ದು ಸೈನ್ಯದ ಲೆಕ್ಕ. 1867ರಲ್ಲಿ ಅಬಿಸೀನಿಯಾ (ಈಗಿನ ಇಥಿಯೋಪಿಯಾ) ಯುದ್ಧಕ್ಕೆ ಇಲ್ಲಿಂದ ಪಡೆ ಹೋಯಿತು. ಹೆಚ್ಚುವರಿ ಖರ್ಚು ಬ್ರಿಟನ್ನಿನದು, ಮಾಮೂಲಿ ಸಂಬಳ ಭಾರತದ್ದು. ಊರಲ್ಲೇ ಇದ್ದಿದ್ದರೂ ಸಿಪಾಯಿಗೆ ಸಂಬಳ ಕೊಡಬೇಕಿತ್ತಲ್ಲ, ಅನ್ನುವುದು ಬ್ರಿಟನ್ನಿನವರ ವಾದ. ಅಲ್ಲಾ ಸ್ವಾಮಿ, ನಮ್ಮಲ್ಲಿ ಒಬ್ಬ ಗುಮಾಸ್ತ ಡೆಪ್ಯುಟೇಶನ್ ಮೇಲೆ ನಿಗಮಕ್ಕೆ ಹೋದರೆ ಅವನ ಸಂಬಳವನ್ನು ಕರೆಸಿಕೊಂಡವರೇ ಕೊಡಬೇಕು. ರಜೆ ಸಂಬಳ, ಪಿಂಚಣಿ ವಂತಿಗೆ ಸಮೇತ. 1896ರಲ್ಲಿ ಸುಡಾನಿನ ಸುವಾಕಿನ್‌ಗೆ ಪಡೆ ಕಳಿಸುವಾಗಲೂ ಇದೇ ಸೂತ್ರ. ಆಗ ವೈಸರಾಯ್ ಸರ್ಕಾರವೇ ಇದು ಸರಿಯಲ್ಲ ಅಂತ ಬರೆಯಿತು. ಆದರೂ ಡೆಬಿಟ್ ಬಂದದ್ದು ಇಲ್ಲಿಗೇ.

ಇನ್ನು ತಲೆಲೆಕ್ಕದ ಬಾಬತ್ತು. ಇಂಗ್ಲೆಂಡಿನಲ್ಲಿ ಗೋರಾ ಸಿಪಾಯಿಯನ್ನು ಸೇರಿಸಿಕೊಂಡು ತರಬೇತಿ ಕೊಟ್ಟದ್ದಕ್ಕೆ ತಲೆಗಿಷ್ಟು ಅಂತ ಭಾರತ ಕಟ್ಟಬೇಕು. ಮೊದಲು 10 ಪೌಂಡ್ ಇತ್ತು, ಆಮೇಲೆ ಏಳೂವರೆ. ಅದೇ ಸಿಪಾಯಿ ಇಲ್ಲಿ ಪಳಗಿ ವಾಪಸ್ ಹೋಗಿ ಅವರ ಮೀಸಲು ಪಡೆಗೆ ಸೇರುತ್ತಿದ್ದ. ಅದಕ್ಕೆ ನಮಗೆ ಕ್ರೆಡಿಟ್ ಎಲ್ಲಿ? ನಾನಾಗಿದ್ದರೆ ಫೈಲಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದು ವಾಪಸ್ ಕಳಿಸುತ್ತಿದ್ದೆ. ಈ ಜಗಳ ಆಯೋಗದಿಂದ ಮುಗಿಯಲೂ ಇಲ್ಲ. 1933ರಲ್ಲಿ, ಇದೇ ಜಗಳ ವಿಚಾರಿಸಲು ನೇಮಿಸಿದ್ದ ಗ್ಯಾರನ್ ಟ್ರಿಬ್ಯೂನಲ್ ಕೂತು ಎದ್ದ ಮೇಲೆ, ಬ್ರಿಟನ್ ವರ್ಷಕ್ಕೆ 15 ಲಕ್ಷ ಪೌಂಡ್ ಕೊಡಲು ಒಪ್ಪಿತು.

ಈಗ ದೂರು. ಮೂಲದಲ್ಲಿ ದೊಡ್ಡ ಕೋಷ್ಟಕಗಳು ಮಡಚಿದ ಹಾಳೆಯಲ್ಲಿವೆ. ಸ್ಕ್ಯಾನ್ ಮಾಡಿದ ಪುಣ್ಯಾತ್ಮ ಒಂದನ್ನೂ ಬಿಚ್ಚಿಲ್ಲ. ಮಡಿಕೆ ಹಾಗೇ ಅಚ್ಚಾಗಿದೆ. ಎಡಗಡೆ ಬಾಬತ್ತಿನ ಹೆಸರು ಕಾಣುತ್ತದೆ, ಬಲಗಡೆ ಮೊತ್ತ ಮಡಿಕೆಯೊಳಗೆ. ಒಂದು ಪುಟದಲ್ಲಂತೂ ಅವನ ಹೆಬ್ಬೆರಳೂ ಬಂದಿದೆ. ಕಾದಂಬರಿಯಾಗಿದ್ದರೆ ಎರಡು ಪುಟ ಹೋದರೂ ಊಹಿಸಿಕೊಳ್ಳಬಹುದಿತ್ತು. ಲೆಕ್ಕದ ಪುಸ್ತಕದಲ್ಲಿ ಮೊತ್ತ ಇಲ್ಲದಿದ್ದರೆ ಉಳಿಯುವುದೇನು?

ಮಾರಾಟಗಾರರಿಗೆ ಫೋನ್ ಮಾಡಿದೆ. ಮಾತಾಡಿದ ಹುಡುಗಿ ಮರ್ಯಾದೆಯಿಂದಲೇ ಮಾತಾಡಿದಳು. "ಮೂಲ ಪ್ರತಿಯಲ್ಲೇ ಹಾಗಿದೆ ಸರ್" ಅಂದಳು. ಮೂಲದಲ್ಲಿ ಹೆಬ್ಬೆರಳು ಇತ್ತೇನಮ್ಮಾ ಅಂದೆ. ಒಂದು ಕ್ಷಣ ಸುಮ್ಮನಾಗಿ, ಮೇಲಿನವರನ್ನು ಕೇಳಿ ಹೇಳ್ತೀನಿ ಅಂದಳು.

ಕಡೆಯ ವರದಿಯಲ್ಲಿ ಆಯೋಗ ಬ್ರಿಟನ್ ಹೊರಬೇಕು ಅಂತ ಹೇಳಿದ್ದರಲ್ಲಿ ಮುಖ್ಯವಾದವು ಏಡನ್ನಿನ (ಈಗ ಯೆಮೆನ್‌ನಲ್ಲಿರುವ ಬಂದರು) ಸೈನ್ಯದ ಖರ್ಚಿನಲ್ಲಿ ಅರ್ಧ, ಪಡೆಗಳನ್ನು ಹಡಗಿನಲ್ಲಿ ತಂದು ಒಯ್ಯುವ ಖರ್ಚಿನಲ್ಲಿ ಅರ್ಧ. ಸದಸ್ಯರಾದ ನವರೋಜಿ, ವೆಡರ್‌ಬರ್ನ್, ಕೇನ್ ಮೂವರೂ ಒಪ್ಪದೆ ಬೇರೆ ಟಿಪ್ಪಣಿ ಬರೆದರು. ಅದು ಪೂರ್ತಿ ಇದೆ, ಅಕ್ಷರವೂ ಸ್ಪಷ್ಟ. ಮೂರನೇ ಸ್ಟಾರ್ ಕೊಟ್ಟಿರುವುದು ಅದಕ್ಕೇ.

ಎರಡು ದಿನ ಬಿಟ್ಟು ಅಂಗಡಿಯಿಂದ ಇಮೇಲ್ ಬಂತು. ಪುಸ್ತಕ ಬದಲಾಯಿಸಿ ಕೊಡುತ್ತಾರಂತೆ. ವಾಪಸ್ ಕಳಿಸುವ ಕೊರಿಯರ್ ಖರ್ಚಿನಲ್ಲಿ ಅರ್ಧ ಅವರದು, ಅರ್ಧ ನನ್ನದು.